ದಾರಿಖರ್ಚಿನ ಲೆಕ್ಕ

ಸಂಸಾರದ ವೆಚ್ಚಗಳಲ್ಲಿ ದೊಡ್ಡವು ಎಲ್ಲರ ಕಣ್ಣಿಗೂ ಬೀಳುತ್ತವೆ. ಮದುವೆ, ಮನೆ ಕಟ್ಟಿಸುವುದು, ಕಾಯಿಲೆ ಕಸಾಲೆ, ಮಕ್ಕಳ ವಿದ್ಯಾಭ್ಯಾಸ ಇವುಗಳಿಗಾಗಿ ಜನ ಬಹಳ ಮುಂಚಿನಿಂದಲೇ ಚಿಂತಿಸುತ್ತಾರೆ, ಹಿರಿಯರನ್ನು ವಿಚಾರಿಸುತ್ತಾರೆ, ಸಾಲ ಮಾಡಬೇಕಾಗಿ ಬಂದರೆ ಪತ್ರ ಬರೆದು ಸಹಿ ಹಾಕುತ್ತಾರೆ. ಆದರೆ ದಿನ ಬೆಳಗಾದರೆ ಮನೆಯಿಂದ ಹೊರಟು ಸಂಜೆ ಹಿಂದಿರುಗುವವನು ಕಂಡಕ್ಟರನ ಕೈಗೆ ಹಾಕುವ ಚಿಲ್ಲರೆಗೆ ಯಾರೂ ಪತ್ರ ಬರೆಯುವುದಿಲ್ಲ. ಅದು ಹೋದದ್ದು ಜೇಬಿಗೂ ತಿಳಿಯುವುದಿಲ್ಲ. ವರ್ಷದ ಕೊನೆಗೆ ಕುಳಿತು ಕೂಡಿಸಿದವನಿಗೆ ಮಾತ್ರ ಅದರ ತೂಕ ಗೊತ್ತಾಗುತ್ತದೆ. ಹಾಗೆ ಮೂವತ್ತನಾಲ್ಕು ವರ್ಷಗಳ ಕಾಲ ಕುಳಿತು ಕೂಡಿಸಿದ ಗಣಿತದ ಮೇಷ್ಟ್ರೊಬ್ಬರು ಹರಿಹರದಲ್ಲಿದ್ದಾರೆ. ಈಗ ಎಂಬತ್ತರ ಸಮೀಪಕ್ಕೆ ಬಂದಿರುವ ಅವರ ಬಳಿ ಕೆಂಪು ಬಟ್ಟೆಯ ಹೊದಿಕೆ ಹಾಕಿದ ಕೆಲವು ಉದ್ದನೆಯ ಲೆಕ್ಕದ ಪುಸ್ತಕಗಳಿವೆ. ಅವುಗಳಲ್ಲಿ ಬರೆದಿರುವುದು ದಾರಿಖರ್ಚು ಒಂದೇ.

ಹರಿಹರಕ್ಕೂ ದಾವಣಗೆರೆಗೂ ನಡುವೆ ಇರುವುದು ಸುಮಾರು 14 ಕಿಲೋಮೀಟರು ಅಂತರ. ಪುಣೆ ಬೆಂಗಳೂರು ರಸ್ತೆಯಲ್ಲಿ ಹೊರಟರೆ ದೊಡ್ಡಬಾತಿಯ ಕೆರೆ, ಗುಡ್ಡ, ಭದ್ರಾ ನಾಲೆಯ ನೀರುಂಡ ಗದ್ದೆಗಳು, ಅಷ್ಟರಲ್ಲಿ ಊರೇ ಬಂದುಬಿಡುತ್ತದೆ. ಹರಿಹರ ಪುರಾತನವಾದ ಊರು. ತುಂಗಭದ್ರೆಯ ದಡದಲ್ಲಿ ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯ ಇಂದಿಗೂ ನಿಂತಿದೆ. ದಾವಣಗೆರೆ ವ್ಯಾಪಾರದಿಂದ ಬೆಳೆದ ಊರು. ಹತ್ತಿಯ ಗಿರಣಿಗಳು, ಮಂಡಿಪೇಟೆಯ ಅಂಗಡಿಗಳು, ಆಮೇಲೆ ಒಂದರ ಹಿಂದೊಂದು ಬಂದ ಕಾಲೇಜುಗಳು ಅದನ್ನು ದೊಡ್ಡದು ಮಾಡಿದವು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸಂಸ್ಥೆ ಸ್ಥಾಪನೆಗೊಂಡು ಲೇತ್ ಯಂತ್ರಗಳ ತಯಾರಿಕೆ ನಡೆಯಿತು. 1951ರಲ್ಲಿ ದಾವಣಗೆರೆಗೆ ಇಂಜಿನಿಯರಿಂಗ್ ಕಾಲೇಜು ಬಂದಿತು. 1972ರಲ್ಲಿ ನದಿಯ ಆಚೆ ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಕೆಲಸ ಆರಂಭಿಸಿತು. ಹೀಗಾಗಿ ಒಂದು ಊರಿನ ಕಾರ್ಮಿಕ ಇನ್ನೊಂದು ಊರಿಗೆ, ಆ ಊರಿನ ವಿದ್ಯಾರ್ಥಿ ಈ ಊರಿಗೆ ಹೋಗಿ ಬರುವುದು ನಿತ್ಯದ ವ್ಯವಹಾರವಾಯಿತು. ಪ್ರವಾಸ ಎಂಬ ದೊಡ್ಡ ಮಾತು ಈ ಓಡಾಟಕ್ಕೆ ಹೊಂದುವುದಿಲ್ಲ. ಇದು ಅನ್ನಕ್ಕಾಗಿ, ಅಕ್ಷರಕ್ಕಾಗಿ ನಡೆಯುವ ಓಡಾಟ.

ಮೇಷ್ಟ್ರಿಗೆ ಈ ಲೆಕ್ಕದ ಗೀಳು ಹತ್ತಿದ್ದು ಬಾಲ್ಯದಲ್ಲಿ. 1957ರ ಏಪ್ರಿಲ್ 1ರಂದು ಆಣೆಯ ಲೆಕ್ಕ ಹೋಗಿ ನಯಾಪೈಸೆಯ ಲೆಕ್ಕ ಬಂದಾಗ ಅವರಿಗೆ ಹನ್ನೊಂದು ವರ್ಷ. ಒಂದಾಣೆಗೆ 6 ನಯಾಪೈಸೆ, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂಬ ಕೋಷ್ಟಕವನ್ನು ಶಾಲೆಯ ಗೋಡೆಗೆ ಅಂಟಿಸಿದ್ದರಂತೆ. ಒಂದಾಣೆಯ ಸಾಮಾನನ್ನು ಮೂರು ಸಲ ಕೊಂಡರೆ 18, ಮೂರಾಣೆಯದನ್ನು ಒಂದೇ ಸಲ ಕೊಂಡರೆ 19! ಆ ಒಂದು ನಯಾಪೈಸೆ ಎಲ್ಲಿಂದ ಬಂದಿತೆಂದು ಹುಡುಗ ಒಂದು ವಾರ ತಲೆ ಕೆಡಿಸಿಕೊಂಡನು. ಕೂಡಿಸುವ ಕ್ರಮ ಬದಲಾದರೆ ಕೊಡುವ ಹಣವೂ ಬದಲಾಗಬಹುದು ಎಂಬ ಪಾಠ ಅಂದೇ ಅವನ ಮನಸ್ಸಿನಲ್ಲಿ ನಾಟಿತು.

1970ರಲ್ಲಿ ಅವರು ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಗಣಿತದ ಅಧ್ಯಾಪಕರಾಗಿ ಸೇರಿದರು. ವೃದ್ಧ ತಾಯಿತಂದೆಯರು ಹರಿಹರದ ಮನೆಯನ್ನು ಬಿಟ್ಟು ಬರಲು ಒಪ್ಪಲಿಲ್ಲ. ದಿನವೂ ಹೋಗಿ ಬರುವುದೆಂದು ತೀರ್ಮಾನವಾಯಿತು. ಮೊದಲ ತಿಂಗಳ ಸಂಬಳ ಕೈಗೆ ಬಂದ ಸಂಜೆ ಅವರು ದಾರಿಖರ್ಚಿಗೆಂದು ಬೇರೆ ಪುಸ್ತಕವನ್ನೇ ತೆರೆದರು. ಅವರ ಧರ್ಮಪತ್ನಿ ಮುಂದೆ ಆ ಪುಸ್ತಕವನ್ನು ಕುರಿತು, "ನಮ್ಮನೇಲಿ ಅಕ್ಕಿಗಿಂತ ಬಸ್ಸಿಗೇ ಮರ್ಯಾದೆ ಜಾಸ್ತಿ" ಎಂದು ನಗುತ್ತಿದ್ದರು.

ಆ ಪುಸ್ತಕದ ಮೊದಲ ಪುಟದಲ್ಲಿ ಮೇಷ್ಟ್ರು ತಮಗಾಗಿ ಬರೆದುಕೊಂಡ ಕೆಲವು ಸೂತ್ರಗಳಿವೆ. ದಾರಿಯನ್ನು ನಿಲ್ದಾಣದಿಂದ ನಿಲ್ದಾಣಕ್ಕೆ ಅಳೆಯಬಾರದು, ಹೊಸ್ತಿಲಿನಿಂದ ಹೊಸ್ತಿಲಿಗೆ ಅಳೆಯಬೇಕು ಎಂಬುದು ಮೊದಲನೆಯದು. ಬಸ್ಸಿನ ಟಿಕೆಟ್ಟು ಮಾತ್ರವೇ ದಾರಿಖರ್ಚಲ್ಲ. ಮಳೆಗಾಲದಲ್ಲಿ ಮನೆಯಿಂದ ನಿಲ್ದಾಣಕ್ಕೆ ಹಿಡಿಯುವ ಜಟಕಾ, ಸೈಕಲ್ ಸ್ಟ್ಯಾಂಡಿನ ಬಾಡಿಗೆ, ಬಸ್ಸು ತಪ್ಪಿದ ದಿನ ಕಾಯುತ್ತ ಕುಡಿಯುವ ಚಹಾ, ಹಸಿವು ತಡೆಯದೆ ತಿನ್ನುವ ಮಂಡಕ್ಕಿ ಮೆಣಸಿನಕಾಯಿ ಎಲ್ಲವೂ ದಾರಿಯ ಲೆಕ್ಕಕ್ಕೇ ಸೇರಬೇಕು. ತಿಂಗಳಿಗೆ ಮೂವತ್ತು ದಿನವೆಂದು ಎಣಿಸದೆ ಕೆಲಸದ ದಿನಗಳನ್ನು ಎಣಿಸಬೇಕು ಎಂಬುದು ಎರಡನೆಯದು. ಶಾಲೆಯ ವರ್ಷಕ್ಕೆ 220 ದಿನ ಎಂದಿಟ್ಟುಕೊಂಡರೆ ಸರಾಸರಿ ತಿಂಗಳಿಗೆ ಹದಿನೆಂಟು ದಿನಕ್ಕಿಂತ ಸ್ವಲ್ಪ ಹೆಚ್ಚು. ಜೂನ್ ತಿಂಗಳಲ್ಲಿ ಲಾಭ ತರುವ ಪಾಸು ದಸರೆಯ ರಜೆ ಬರುವ ಅಕ್ಟೋಬರಿನಲ್ಲಿ ನಷ್ಟ ತರಬಹುದು. ಕೆಟ್ಟ ದಿನಕ್ಕೆಂದು ಪ್ರತಿ ತಿಂಗಳೂ ಮೂರು ದಿನದ ಖರ್ಚನ್ನು ಹೆಚ್ಚಿಗೆ ತೆಗೆದಿಡಬೇಕು ಎಂಬುದು ಮೂರನೆಯದು. ರೈಲಿನ ಸೀಸನ್ ಟಿಕೆಟ್ಟು ಜೇಬಿನಲ್ಲಿದ್ದರೂ ಗಾಡಿ ಎರಡು ಗಂಟೆ ತಡವಾದರೆ ಬಸ್ಸಿಗೆ ಓಡಲೇಬೇಕಲ್ಲವೇ? ಆ ದಿನ ಒಂದೇ ದಾರಿಗೆ ಎರಡು ಸಲ ಹಣ ತೆತ್ತಂತೆ. ಆಗಿನ್ನೂ ಈ ಮಾರ್ಗದಲ್ಲಿ ಮೀಟರ್ ಗೇಜ್ ಗಾಡಿಗಳು ಓಡುತ್ತಿದ್ದವು. ಬ್ರಾಡ್ ಗೇಜ್ ಆದದ್ದು 1990ರ ದಶಕದಲ್ಲಿ.

ಈ ಸೂತ್ರಗಳನ್ನೆಲ್ಲ ಮೇಷ್ಟ್ರು ತರಗತಿಯಲ್ಲಿ ಸಮಸ್ಯೆಗಳಾಗಿ ಮಾಡಿ ಕೊಡುತ್ತಿದ್ದರು. ಪಠ್ಯಪುಸ್ತಕದಲ್ಲಿ ತೊಟ್ಟಿಗೆ ಎರಡು ನಳಗಳಿಂದ ನೀರು ಬೀಳುವ ಲೆಕ್ಕಕ್ಕಿಂತ ಈ ಲೆಕ್ಕಗಳು ಮಕ್ಕಳಿಗೆ ಹೆಚ್ಚು ಹಿಡಿಸುತ್ತಿದ್ದವು. 1983ರ ಒಂದು ದಿನ ಒಂಬತ್ತನೆಯ ತರಗತಿಯ ಕಪ್ಪುಹಲಗೆಯ ಮೇಲೆ ಅವರು ಬರೆದದ್ದು ಇದು: 'ಒಂದು ಸಲದ ಟಿಕೆಟ್ಟಿಗೆ 1 ರೂಪಾಯಿ. ತಿಂಗಳ ಪಾಸಿಗೆ 30 ರೂಪಾಯಿ. ತಿಂಗಳಿಗೆ 24 ದಿನ ಹೋಗಿ ಬರುವವನು ಯಾವುದನ್ನು ಕೊಳ್ಳಬೇಕು? ಅವನಿಗೆ ಎಷ್ಟು ಉಳಿತಾಯ?' ಲೆಕ್ಕಕ್ಕೆ ಸುಲಭವಾಗಲೆಂದು ದರಗಳನ್ನು ಅವರೇ ಕಲ್ಪಿಸಿಕೊಂಡಿದ್ದರು. ಉತ್ತರ ಸ್ಪಷ್ಟ. ಟಿಕೆಟ್ಟಿಗೆ 48, ಪಾಸಿಗೆ 30, ಉಳಿತಾಯ 18. ಪಾಸು ಕೊಳ್ಳುವವನು ಜಾಣ.

ಕಡೆಯ ಸಾಲಿನ ಹುಡುಗನೊಬ್ಬ ಎಲ್ಲರಿಗಿಂತ ಮೊದಲೇ ಈ ಉತ್ತರ ಹೇಳಿದನು. ಹೇಳಿ ಕುಳಿತುಕೊಳ್ಳದೆ, "ಆದ್ರೆ ಸಾರ್, ಒಂದನೇ ತಾರೀಕು ಒಟ್ಟಿಗೆ ಮೂವತ್ತು ರೂಪಾಯಿ ಯಾರತ್ರ ಇರ್ತದ್ರೀ?" ಎಂದು ಕೇಳಿದನು. ತರಗತಿ ನಕ್ಕಿತು. ಮೇಷ್ಟ್ರು ನಗಲಿಲ್ಲ.

ಆ ಹುಡುಗನ ಮೇಲೆ ಅವರಿಗೆ ಅದಕ್ಕೆ ಮೊದಲೇ ಅಸಮಾಧಾನವಿತ್ತು. ಗಣಿತದಲ್ಲಿ ಚುರುಕು, ಆದರೆ ಹಾಜರಿ ಸರಿಯಿಲ್ಲ. ಶನಿವಾರ ಬರುವುದೇ ಇಲ್ಲ. ವಾರದ ನಡುವೆ ಮತ್ತೊಂದು ದಿನವೂ ನಾಪತ್ತೆ. ಊರು ಸುತ್ತುವ ಚಪಲವೆಂದು ಭಾವಿಸಿ ಅವರು ಎರಡು ಸಲ ಅವನನ್ನು ತರಗತಿಯ ಹೊರಗೆ ನಿಲ್ಲಿಸಿದ್ದರು. ಅಂದು ಸಂಜೆ ಗಂಟೆ ಹೊಡೆದ ಮೇಲೆ ಅವನನ್ನು ಕರೆದು ಮೆಲ್ಲನೆ ವಿಚಾರಿಸಿದರು. ಹುಡುಗ ತಲೆ ತಗ್ಗಿಸಿ ಹೇಳಿದನು: "ವಾರಕ್ಕೆ ನಾಕು ದಿನದ ಬಸ್ ಚಾರ್ಜ್ ಕೊಡ್ತಾರ್ರೀ ಸಾರ್ ಮನೇಲಿ. ಆರು ದಿನಕ್ಕೆ ಸಾಲಂಗಿಲ್ಲ. ಶನಿವಾರ ಅರ್ಧ ದಿನ ಇಸ್ಕೂಲು, ಚಾರ್ಜ್ ಮಾತ್ರ ಪೂರಾ. ಬುಧವಾರ ಡ್ರಿಲ್ಲು, ಕ್ರಾಫ್ಟು ಇರ್ತಾವೆ. ಅದಕ್ಕೇ ಆ ಎರಡು ದಿನ ಬಿಡ್ತೀನಿ. ನಿಮ್ಮ ಪಿರಿಯಡ್ ಒಂದೂ ಬಿಟ್ಟಿಲ್ರೀ."

ಅವನು ಹರಿಹರದ ಸಮೀಪದ ಹಳ್ಳಿಯವನು. ತಂದೆ ಇಟ್ಟಿಗೆ ಭಟ್ಟಿಯಲ್ಲಿ ಕೂಲಿ, ವಾರಕ್ಕೊಮ್ಮೆ ಬಟವಾಡೆ. ದಾವಣಗೆರೆಯ ಶಾಲೆಯಲ್ಲಿ ಶುಲ್ಕ ಮಾಫಿ ದೊರೆತುದರಿಂದ ಅಲ್ಲಿಗೆ ಸೇರಿಸಿದ್ದರು. ಉಚಿತ ಪ್ರಸಾದ ನಿಲಯದಲ್ಲಿ ಇರಬಹುದಾಗಿತ್ತು. ಆದರೆ ತಾಯಿ ಹಾಸಿಗೆ ಹಿಡಿದಿದ್ದಳು, ಬೆಳಿಗ್ಗೆ ನೀರು ತಂದು ಎಮ್ಮೆಗೆ ಮೇವು ಹಾಕಿ ಬರಲು ಅವನೇ ಬೇಕು. ಹೀಗೆ ಶುಲ್ಕವಿಲ್ಲದ ಶಿಕ್ಷಣಕ್ಕೂ ಅವನಿಗೂ ನಡುವೆ ಹದಿನಾಲ್ಕು ಕಿಲೋಮೀಟರಿನ ಚಿಲ್ಲರೆ ಅಡ್ಡ ನಿಂತಿತ್ತು. ಬಾಲಕ ಇದ್ದ ಹಣದಲ್ಲಿ ಅತ್ಯಂತ ಹೆಚ್ಚು ಪಾಠ ದೊರೆಯುವಂತೆ ತನ್ನ ವಾರವನ್ನು ತಾನೇ ವಿಂಗಡಿಸಿಕೊಂಡಿದ್ದನು. ಯಾವ ಹಣಕಾಸಿನ ಅಧಿಕಾರಿಯೂ ಅದಕ್ಕಿಂತ ಜಾಣತನದ ಆಯವ್ಯಯವನ್ನು ತಯಾರಿಸಲಾರನು.

ಆದರೆ ಆ ಜಾಣತನದಲ್ಲಿ ಒಂದು ಅಪಾಯ ಅಡಗಿತ್ತು. ಪರೀಕ್ಷೆಗೆ ಕುಳಿತುಕೊಳ್ಳಲು ಶೇಕಡಾ 75 ಹಾಜರಿ ಬೇಕು. ಆರಕ್ಕೆ ನಾಲ್ಕು ದಿನವೆಂದರೆ ಶೇಕಡಾ 67ಕ್ಕೂ ಕಡಿಮೆ. ಹತ್ತನೆಯ ತರಗತಿಯಲ್ಲಿಯೂ ಹೀಗೆಯೇ ನಡೆದರೆ ಎಷ್ಟೇ ಬುದ್ಧಿವಂತನಾದರೂ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಬಾಗಿಲು ಅವನಿಗೆ ಮುಚ್ಚಿದಂತೆಯೇ. ಇದನ್ನು ಅವನು ಲೆಕ್ಕ ಹಾಕಿರಲಿಲ್ಲ. ಹಾಕಿ ತಿಳಿಸಬೇಕಾಗಿದ್ದ ಮೇಷ್ಟ್ರು ಅವನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು.

ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ಮರುದಿನ ಶಾಲೆಯ ಕಪಾಟಿನಿಂದ ಹಿಂದಿನ ವರ್ಷಗಳ ಹಾಜರಿ ಪುಸ್ತಕಗಳನ್ನು ತೆಗೆಸಿ, ಹರಿಹರದ ಕಡೆಯಿಂದ ಬರುತ್ತಿದ್ದ ಮಕ್ಕಳ ಹೆಸರುಗಳನ್ನು ಹುಡುಕಿ ನೋಡತೊಡಗಿದರು. 1979ರ ಪುಸ್ತಕದಲ್ಲಿ ಎಂಟನೆಯ ತರಗತಿಯ ಒಬ್ಬ ಹುಡುಗಿಯ ಹೆಸರಿನ ಮುಂದೆ ಅವರ ಬೆರಳು ನಿಂತಿತು. ಸೋಮವಾರ ಹಾಜರು, ಮಂಗಳವಾರ ಹಾಜರು, ಬುಧವಾರ ಹಾಜರು, ಗುರುವಾರದಿಂದ ಗೈರುಹಾಜರಿ. ಮರುವಾರವೂ ಹಾಗೆಯೇ, ಅದರ ಮರುವಾರವೂ ಹಾಗೆಯೇ. ವಾರದ ಮೊದಲಿಗೆ ಇದ್ದ ಹಣ ಮೂರು ದಿನಕ್ಕೆ ಮುಗಿಯುತ್ತಿತ್ತೆಂಬುದು ಈಗ ಯಾರಿಗಾದರೂ ತಿಳಿಯುವಂತಿತ್ತು. ಆ ವರ್ಷದ ಕೊನೆಗೆ ಅವಳ ತಂದೆ ಬಂದು ವರ್ಗಾವಣೆ ಪತ್ರ ಪಡೆದುಕೊಂಡು ಹೋಗಿದ್ದನು. ಕಾರಣದ ಅಂಕಣದಲ್ಲಿ 'ಮನೆಗೆಲಸ' ಎಂದಿತ್ತು. ತರಗತಿಯ ಅಧ್ಯಾಪಕರ ಸಹಿ ಮೇಷ್ಟ್ರದೇ. ಹಾಜರಿ ಪುಸ್ತಕ ಇಡೀ ವರ್ಷ ಅವರ ಕೈಯಲ್ಲಿತ್ತು. ದಾರಿಖರ್ಚಿನ ಪುಸ್ತಕ ಅವರ ಮನೆಯಲ್ಲಿತ್ತು. ಎರಡನ್ನೂ ಒಟ್ಟಿಗೆ ತೆರೆದು ನೋಡಬೇಕೆಂದು ಅವರಿಗೆ ಹೊಳೆದಿರಲಿಲ್ಲ.

ಹುಡುಗನ ಸಮಸ್ಯೆಗೆ ಪರಿಹಾರ ಅಷ್ಟೇನೂ ಕಷ್ಟದ್ದಾಗಿರಲಿಲ್ಲ. ರೈಲ್ವೆಯವರು ವಿದ್ಯಾರ್ಥಿಗಳಿಗೆ ರಿಯಾಯಿತಿ ದರದಲ್ಲಿ ತಿಂಗಳ ಸೀಸನ್ ಟಿಕೆಟ್ಟು ಕೊಡುತ್ತಿದ್ದರು. ನಾಲ್ಕು ದಿನದ ಬಸ್ ಚಾರ್ಜಿನ ಹಣದಲ್ಲಿ ಆರು ದಿನವೂ ಓಡಾಡಬಹುದಾಗಿತ್ತು. ಬೇಕಾದದ್ದು ಮುಖ್ಯೋಪಾಧ್ಯಾಯರ ಸಹಿ, ಶಾಲೆಯ ಮೊಹರು, ಮತ್ತು ತಿಂಗಳ ಮೊದಲಿಗೆ ಒಟ್ಟಿಗೆ ಕೊಡುವ ಹಣ. ಸಹಿ ಮೊಹರುಗಳನ್ನು ಮೇಷ್ಟ್ರು ಒಂದೇ ದಿನದಲ್ಲಿ ಮಾಡಿಸಿದರು. ಹಣವನ್ನು ತಮ್ಮ ಸಂಬಳದಿಂದ ಕೊಟ್ಟರು. ಆದರೆ ದಾನವಾಗಿ ಕೊಡಲಿಲ್ಲ. ತಂದೆ ಪ್ರತಿ ಬಟವಾಡೆಯ ದಿನ ಕಾಲುಭಾಗ ಹಿಂದಿರುಗಿಸಬೇಕೆಂದು ಮಾತಾಯಿತು. ಆತ ಒಂದು ವಾರವೂ ತಪ್ಪಿಸಲಿಲ್ಲ. ಕೊಡುವ ಶಕ್ತಿ ಆತನಿಗೆ ಇದ್ದೇ ಇತ್ತು. ಒಟ್ಟಿಗೆ ಕೊಡುವ ಶಕ್ತಿ ಮಾತ್ರ ಇರಲಿಲ್ಲ. ಒಟ್ಟಿಗೆ ಕೊಡಲಾರದವನು ಬಿಡಿಬಿಡಿಯಾಗಿ ಹೆಚ್ಚು ಕೊಡಬೇಕಾಗುತ್ತದೆ. ಕಪ್ಪುಹಲಗೆಯ ಮೇಲಿನ ಲೆಕ್ಕದಲ್ಲಿ ಪಾಸು ಕೊಳ್ಳುವವನನ್ನು ಜಾಣನೆಂದು ಕರೆದದ್ದು ತಪ್ಪೆಂದು ಮೇಷ್ಟ್ರಿಗೆ ಆಗ ಅರ್ಥವಾಯಿತು. ಅವನು ಜಾಣನಲ್ಲ, ಒಂದನೆಯ ತಾರೀಕು ಕೈಯಲ್ಲಿ ಹಣವಿದ್ದವನು, ಅಷ್ಟೆ.

ಅಂದಿನಿಂದ ಕೆಂಪು ಹೊದಿಕೆಯ ಪುಸ್ತಕದಲ್ಲಿ ಹೊಸದೊಂದು ಅಂಕಣ ಕಾಣಿಸಿಕೊಂಡಿತು. ಅದರ ತಲೆಬರಹ 'ಮಕ್ಕಳ ದಾರಿ'. ಪ್ರತಿ ಜೂನ್ ತಿಂಗಳಲ್ಲಿ ಹೊಸ ಮಕ್ಕಳು ಸೇರಿದಾಗ ಮೇಷ್ಟ್ರು ಮೂರು ಪ್ರಶ್ನೆಗಳನ್ನು ಕೇಳುತ್ತಿದ್ದರು. ಎಲ್ಲಿಂದ ಬರುತ್ತೀ? ಯಾವುದರಲ್ಲಿ ಬರುತ್ತೀ? ಮನೆಯಲ್ಲಿ ಬಟವಾಡೆ ಯಾವಾಗ? ಮೂರನೆಯ ಪ್ರಶ್ನೆ ಕೇಳಿ ಸಹೋದ್ಯೋಗಿಗಳು ಆಶ್ಚರ್ಯಪಡುತ್ತಿದ್ದರು. ಅವಶ್ಯಕತೆ ಇದ್ದವರಿಗೆ ಮುಂಗಡ ದೊರೆಯುತ್ತಿತ್ತು. ಕೆಲವರು ಪೂರ್ತಿ ಹಿಂದಿರುಗಿಸಿದರು, ಕೆಲವರಿಂದ ಆಗಲಿಲ್ಲ. ಬಾರದ ಹಣದ ಮುಂದೆ ಅವರು ಅಡ್ಡಗೆರೆ ಎಳೆದು ಮುಂದಿನ ಪುಟಕ್ಕೆ ಹೋಗುತ್ತಿದ್ದರು. ಹೊರಗೆ ನಿಲ್ಲಿಸುವ ಶಿಕ್ಷೆಯನ್ನು ಮಾತ್ರ ಅವರು ಮತ್ತೆ ಯಾರಿಗೂ ವಿಧಿಸಲಿಲ್ಲ.

ಆ ಹುಡುಗ ಎಸ್.ಎಸ್.ಎಲ್.ಸಿ.ಯಲ್ಲಿ ಉತ್ತೀರ್ಣನಾದನು. ಮುಂದೆ ಹರಿಹರದಲ್ಲಿಯೇ ಲೇತ್ ಕೆಲಸ ಕಲಿತು ಸಣ್ಣ ವರ್ಕ್‌ಶಾಪ್ ಒಂದರಲ್ಲಿ ಸೇರಿಕೊಂಡನು. ಹೊಸ ಶತಮಾನದ ಆರಂಭದ ಹೊತ್ತಿಗೆ ಊರಿನ ದೊಡ್ಡ ಲೇತ್ ಕಾರ್ಖಾನೆ ಮುಚ್ಚಿದಾಗ ಸಣ್ಣ ವರ್ಕ್‌ಶಾಪುಗಳಿಗೂ ಕಷ್ಟ ಬಂದಿತು. ಅದನ್ನೂ ದಾಟಿ ನಿಂತನು. ಮೇಷ್ಟ್ರು 2004ರಲ್ಲಿ ನಿವೃತ್ತರಾದರು. ನಿತ್ಯದ ಓಡಾಟ ನಿಂತಿತು, ಲೆಕ್ಕದ ಆಸಕ್ತಿ ನಿಲ್ಲಲಿಲ್ಲ. ದಾರಿಖರ್ಚಿಗೆ ಸಂಬಂಧಪಟ್ಟ ಯಾವ ಸುದ್ದಿ ಪತ್ರಿಕೆಯಲ್ಲಿ ಬಂದರೂ ಕತ್ತರಿಸಿ ಆ ಪುಸ್ತಕದಲ್ಲಿ ಇಡುತ್ತ ಬಂದರು.

ಹಾಗೆ ಇಟ್ಟ ಹಾಳೆಗಳಲ್ಲಿ ದೂರದ ದಕ್ಷಿಣ ಅಮೆರಿಕದ ಸುದ್ದಿಗಳೂ ಇವೆ. 2013ರ ಜೂನ್ ತಿಂಗಳಲ್ಲಿ ಬ್ರೆಜಿಲ್ ದೇಶದ ಸಾವೊ ಪಾವ್ಲೊ ನಗರದಲ್ಲಿ ಬಸ್ಸಿನ ದರ 3 ರಿಯಾಲ್‌ನಿಂದ 3 ರಿಯಾಲ್ 20 ಸೆಂಟಾವೊಗೆ ಏರಿದಾಗ ಲಕ್ಷಾಂತರ ಜನ ಬೀದಿಗಿಳಿದರು. ಸರ್ಕಾರ ಏರಿಕೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. 2019ರ ಅಕ್ಟೋಬರಿನಲ್ಲಿ ಚಿಲಿ ದೇಶದ ಸಾಂಟಿಯಾಗೊ ನಗರದ ಮೆಟ್ರೊ ರೈಲಿನ ದರ 30 ಪೆಸೊ ಹೆಚ್ಚಾದದ್ದೇ ಒಂದು ದೊಡ್ಡ ಜನಾಂದೋಲನಕ್ಕೆ ಕಿಡಿಯಾಯಿತು. ಇಷ್ಟು ಸಣ್ಣ ಹಣಕ್ಕೆ ಇಷ್ಟು ದೊಡ್ಡ ಗಲಭೆಯೇ ಎಂದು ಮನೆಗೆ ಬಂದವರು ಕೇಳಿದರೆ ಮೇಷ್ಟ್ರು, "ದಿನಕ್ಕೆ ಎಷ್ಟು ಸಲ, ತಿಂಗಳಿಗೆ ಎಷ್ಟು ದಿನ, ಮನೆಯಲ್ಲಿ ಎಷ್ಟು ಜನ, ಗುಣಿಸಿ ನೋಡಿ" ಎನ್ನುತ್ತಾರೆ. ಬ್ರೆಜಿಲಿನಲ್ಲಿ 1985ರಲ್ಲಿ ಬಂದು 1987ರಲ್ಲಿ ಕಡ್ಡಾಯವಾದ ಒಂದು ಕಾನೂನು ಅವರಿಗೆ ಬಹಳ ಮೆಚ್ಚುಗೆಯಾಗಿದೆ. ಅದರ ಪ್ರಕಾರ ನೌಕರನು ಕೆಲಸಕ್ಕೆ ಹೋಗಿ ಬರುವ ಖರ್ಚು ಅವನ ಮೂಲವೇತನದ ಶೇಕಡಾ 6ನ್ನು ಮೀರಿದರೆ ಮೀರಿದ ಭಾಗವನ್ನು ಮಾಲೀಕನೇ ಭರಿಸಬೇಕು. ಅದನ್ನು ಅವರು ನಮ್ಮ ರಸ್ತೆಗೆ ಅನ್ವಯಿಸಿ ನೋಡಿದ್ದಾರೆ. ತಿಂಗಳಿಗೆ 10,000 ರೂಪಾಯಿ ದುಡಿಯುವವನಿಗೆ ಶೇಕಡಾ 6 ಎಂದರೆ 600. ಇಪ್ಪತ್ತಾರು ದಿನ ಹೋಗಿ ಬಂದರೆ ದಿನಕ್ಕೆ 23 ರೂಪಾಯಿ. ಒಂದು ದಾರಿಗೆ ಹನ್ನೊಂದೂವರೆ. ಹೊಸ್ತಿಲಿನಿಂದ ಹೊಸ್ತಿಲಿಗೆ ಅಷ್ಟರಲ್ಲಿ ಮುಟ್ಟುವವನೇ ಭಾಗ್ಯವಂತನೆಂಬುದು ಅವರ ಅಭಿಪ್ರಾಯ.

ನಮ್ಮ ನಾಡಿನಲ್ಲಿಯೂ ಈ ಲೆಕ್ಕ ಬದಲಾಗುತ್ತ ಬಂದಿದೆ. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುವ ಯೋಜನೆ ಆರಂಭವಾಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು, ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಮಹಿಳೆಯರ ಪ್ರಯಾಣ ಉಚಿತವಾಯಿತು. 2025ರ ಜನವರಿ 5ರಿಂದ ಉಳಿದವರ ದರ ಶೇಕಡಾ 15ರಷ್ಟು ಏರಿತು. ಗಂಡುಮಕ್ಕಳ ಅಂಕಣ, ಖಾಸಗಿ ಬಸ್ಸಿನ ಅಂಕಣ, ಹಳ್ಳಿಯಿಂದ ಡಾಂಬರು ರಸ್ತೆಯವರೆಗಿನ ಆಟೋದ ಅಂಕಣ ಇನ್ನೂ ಮುಗಿದಿಲ್ಲ.

ಶಕ್ತಿ ಯೋಜನೆ ಬಂದ ಕೆಲವು ದಿನಗಳ ಮೇಲೆ ಮೇಷ್ಟ್ರು ಕಣ್ಣಿನ ಪರೀಕ್ಷೆಗೆಂದು ದಾವಣಗೆರೆಗೆ ಹೊರಟಿದ್ದರು. ಬಸ್ಸಿನಲ್ಲಿ ಕಾಲೇಜಿಗೆ ಹೊರಟ ತರುಣಿಯೊಬ್ಬಳು ಎದ್ದು ಸ್ಥಳ ಕೊಟ್ಟು, "ಅಜ್ಜಾರೆ, ನೀವು ನಮ್ಮಪ್ಪಗ ಲೆಕ್ಕ ಕಲಿಸಿದೋರಲ್ರೀ?" ಎಂದು ಕೇಳಿದಳು. ಕಡೆಯ ಸಾಲಿನ ಹುಡುಗನ ಮಗಳು. ಕಂಡಕ್ಟರು ಅವಳಿಗೊಂದು ಟಿಕೆಟ್ಟು ಹರಿದು ಕೊಟ್ಟನು. ಮೊತ್ತದ ಜಾಗದಲ್ಲಿ ಸೊನ್ನೆ. ಮೇಷ್ಟ್ರು ಅದನ್ನು ಕೇಳಿ ಪಡೆದು ಬಹಳ ಹೊತ್ತು ನೋಡಿದರು. ಇಳಿಯುವಾಗ ಅದನ್ನು ತಮಗೆ ಕೊಡಲಾಗುವುದೇ ಎಂದು ಕೇಳಿದರು. ಅವಳು ನಕ್ಕು ಕೊಟ್ಟಳು.

ಆ ಚೀಟಿ ಈಗ ಅವರ ಪುಸ್ತಕದಲ್ಲಿದೆ. ಹುಡುಗನ ಹೆಸರಿರುವ 1983ರ ಪುಟದಲ್ಲಿ ಅವರು ಅದನ್ನು ಇಟ್ಟಿಲ್ಲ. ಆ ಲೆಕ್ಕ ಎಂದೋ ಚುಕ್ತಾ ಆಗಿದೆ. ಇಟ್ಟಿರುವುದು 1979ರ ಪುಟದಲ್ಲಿ. ಅಲ್ಲಿ ಮೇಷ್ಟ್ರ ಸ್ವಂತ ಓಡಾಟದ ಖರ್ಚು ಮಾತ್ರ ಬರೆದಿದೆ. 'ಮಕ್ಕಳ ದಾರಿ' ಎಂಬ ಅಂಕಣ ಆ ಪುಟದಲ್ಲಿಲ್ಲ. ವಾರಕ್ಕೆ ಮೂರು ದಿನ ಬಂದು ಹೋಗುತ್ತಿದ್ದ ಆ ಹುಡುಗಿ ಈಗ ಎಲ್ಲಿದ್ದಾಳೋ ಅವರಿಗೆ ತಿಳಿಯದು. ಶಾಲೆಗಳಿಗೆ ಕಟ್ಟಡ ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ, ಉಳಿಯಬೇಕಾದುದೇ ನ್ಯಾಯ. ಆ ಕಟ್ಟಡದ ಬಾಗಿಲವರೆಗೆ ಒಂದು ಮಗು ಪ್ರತಿದಿನ ಹೇಗೆ ಬಂದು ಮುಟ್ಟುತ್ತದೆ ಎಂಬುದನ್ನು ಕೇಳುವವರೂ ಒಬ್ಬರು ಬೇಕು. ಕೇಳುವುದಕ್ಕೆ ಹೆಚ್ಚು ಖರ್ಚಾಗುವುದಿಲ್ಲ. ಕೇಳದೆ ಹೋದುದಕ್ಕೆ ಎಷ್ಟು ಖರ್ಚಾಯಿತೆಂಬುದನ್ನು ಮಾತ್ರ ಮೇಷ್ಟ್ರಿಗೆ ಇಂದಿಗೂ ಕೂಡಿಸಲು ಸಾಧ್ಯವಾಗಿಲ್ಲ.